ಭಾವನನ್ನು ಬಿಟ್ಟು ಬಂದ ಶನಿವಾರ

ನಮ್ಮ ಆಂಜನೇಯಸ್ವಾಮಿಯ ಭಕ್ತರಿಗೆಲ್ಲ ಮುನಿರಾಜು ಮಾಡುವ ನಮಸ್ಕಾರ. ಹೋದ ಜೂನ್ ತಿಂಗಳಲ್ಲಿ ನಮ್ಮ ಭಾವ ನಾರಾಯಣಪ್ಪನವರು ಗ್ರೀಸ್ ದೇಶದ ಕ್ರೀಟ್ ಎಂಬ ದ್ವೀಪದ ಬೆಟ್ಟದಲ್ಲಿ ಕಾಣೆಯಾದರು, ಸ್ವಾಮಿಯ ದಯೆಯಿಂದ ಬದುಕಿ ಬಂದರು. ಇಷ್ಟನ್ನು ನೀವೆಲ್ಲ ಕೇಳಿದ್ದೀರಿ. ಅಕ್ಕನ ಬಾಯಿಂದ ಕೇಳಿದ್ದರೆ, ಅವರನ್ನು ಉಳಿಸಿದವನು ನಾನೇ ಎಂದೂ ಕೇಳಿರುತ್ತೀರಿ. ಅವರು ಕಾಣೆಯಾದದ್ದು ಹೇಗೆ ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ನಾನು ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಪಿಯುಸಿಯಿಂದ ಡಿಗ್ರಿವರೆಗೆ ಓದಿದ್ದು ಸಾದಲಿಯ ಭಾವನ ಮನೆಯಲ್ಲಿದ್ದುಕೊಂಡು. ರೇಷ್ಮೆ ಹುಳು ಗೂಡು ಕಟ್ಟುವ ಸಮಯದಲ್ಲಿ ಮನೆಮಂದಿಯೆಲ್ಲ ನಿದ್ದೆಗೆಟ್ಟು ಕೆಲಸ ಮಾಡುತ್ತಿದ್ದರೂ ಭಾವ ನನ್ನನ್ನು ಕರೆಯುತ್ತಿರಲಿಲ್ಲ. "ನೀನು ಓದ್ಕೋ ಹೋಗಪ್ಪ, ಇದು ಯಾವಾಗ್ಲೂ ಇದ್ದಿದ್ದೇ" ಎನ್ನುತ್ತಿದ್ದರು. ಜೀವಮಾನವೆಲ್ಲ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನು ಸೈಕಲ್ಲಿಗೆ ಕಟ್ಟಿ ತುಳಿದ ಕಾಲು ಅವರದು. ಶುಗರ್ ಬಂದ ಮೇಲೆ ನನ್ನ ಹಳೆಯ ಗೇರ್ ಸೈಕಲ್ ಕೊಟ್ಟೆ. ಭಾನುವಾರಗಳಲ್ಲಿ ಶಿಡ್ಲಘಟ್ಟದವರೆಗೆ ನನ್ನ ಜೊತೆ ಬರತೊಡಗಿದರು.

ಬೆಂಗಳೂರಿನ ಒಂದು ತಂಡದೊಂದಿಗೆ ನಾನು ಕ್ರೀಟಿಗೆ ಸೈಕಲ್ ಪ್ರವಾಸ ಹೊರಟಾಗ, ಅಪ್ಪನಿಗೆ ಅರವತ್ತು ತುಂಬಿತೆಂದು ಭಾವನ ಮಗಳು ಅವರಿಗೂ ಟಿಕೆಟ್ ತೆಗೆಸಿದಳು. ಹೊರಡುವ ದಿನ ಅಕ್ಕ ಮಾತ್ರೆ ಡಬ್ಬಿಯನ್ನು ಭಾವನ ಚೀಲಕ್ಕೆ ಹಾಕಿ, ಮಾತನ್ನು ನನಗೆ ಹೇಳಿದಳು. "ಅವರಿಗೆ ನಾಚಿಕೆ ಜಾಸ್ತಿ, ಬಾಯಿಬಿಟ್ಟು ಏನೂ ಕೇಳಲ್ಲ. ನೀನೇ ನೋಡ್ಕೋಬೇಕು ಕಣಪ್ಪ."

ಆ ದ್ವೀಪದಲ್ಲಿ ಬಿಸಿಲೆಂದರೆ ನಮ್ಮ ಏಪ್ರಿಲ್ ಬಿಸಿಲೂ ತಂಪು ಅನಿಸುವಂಥದ್ದು. ರಸ್ತೆ ಬೆಟ್ಟವನ್ನು ಸುತ್ತಿ ಸುತ್ತಿ ಏರುತ್ತದೆ, ಕೆಳಗೆ ಸಮುದ್ರ. ತಿರುವುಗಳಲ್ಲಿ ಕಂಬದ ಮೇಲೆ ಪುಟ್ಟ ಪೆಟ್ಟಿಗೆಯಂಥ ಗುಡಿಗಳಿವೆ. ಗಾಜಿನ ಬಾಗಿಲ ಹಿಂದೆ ಅವರ ದೇವರ ಪಟ, ಮುಂದೊಂದು ಎಣ್ಣೆ ದೀಪ. ಭಾವ ಪ್ರತಿ ಗುಡಿಯ ಮುಂದೆಯೂ ಇಳಿಯುವರು. ಶೂ ಬಿಚ್ಚುವರು, ಸಾಕ್ಸ್ ಬಿಚ್ಚುವರು, ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಕೈ ಮುಗಿಯುವರು, ಮತ್ತೆ ಎಲ್ಲವನ್ನೂ ಹಾಕಿಕೊಳ್ಳುವರು. "ಯಾವ ದೇವ್ರಾದ್ರೇನು ನಾಯನಾ, ದೀಪ ಹಚ್ಚವ್ರಲ್ಲ" ಎಂದರು. ತಂಡದವರು ಮೊದಲ ದಿನ ಫೋಟೋ ತೆಗೆದರು. ಎರಡನೇ ದಿನ ನಗತೊಡಗಿದರು.

ಆ ಎರಡನೇ ದಿನವೇ ಶನಿವಾರ. ಶನಿವಾರ ಭಾವನದು ಒಪ್ಪತ್ತು, ರಾತ್ರಿ ಒಂದೇ ಊಟ. ಪರದೇಶವೆಂದು ಅದನ್ನೇನು ಬಿಡುವವರಲ್ಲ. ಆದರೆ ಅಕ್ಕ ಹೇಳಿದ್ದಾಳೆಂದು ಬೆಳಗಿನ ಶುಗರ್ ಮಾತ್ರೆ ನುಂಗಿ ಬರೀ ನೀರು ಕುಡಿದರು. ಹಸಿದ ಹೊಟ್ಟೆಯಲ್ಲಿ ಆ ಮಾತ್ರೆ ನುಂಗಿ ಬೆಟ್ಟ ಹತ್ತಬಾರದೆಂದು ನನಗೆ ಗೊತ್ತಿತ್ತು. ಹೇಳಲು ಹೋದರೆ ತಿಂಡಿ ಮೇಜಿನ ಮುಂದೆ ಎಲ್ಲರೆದುರು ಉಪವಾಸದ ಮಾತು ಬರುತ್ತದೆಂದು ಬಾಯಿ ಮುಚ್ಚಿಕೊಂಡಿದ್ದೆ.

ಹತ್ತು ಗಂಟೆಗೆ ಒಂದು ನಲ್ಲಿಯ ಹತ್ತಿರ ನಿಂತೆವು. ತಂಡದ ಹೆಂಗಸೊಬ್ಬರು ನಗುತ್ತಾ ಕೇಳಿದರು. "ಸರ್, ಅವರು ನಿಮಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ ಮೇಡಂ. ನಮ್ಮ ಕಡೆಯವರು, ಜೊತೆಗೆ ಬಂದಿದ್ದಾರೆ ಅಷ್ಟೆ" ಎಂದೆ.

ತಿರುಗಿದರೆ ಭಾವ ಹಿಂದೆಯೇ ಬಾಟಲಿಗೆ ನೀರು ಹಿಡಿಯುತ್ತಿದ್ದರು. ನನ್ನ ಮುಖ ನೋಡಲಿಲ್ಲ. ಬಾಟಲಿ ತುಂಬಿ ಚೆಲ್ಲುತ್ತಿದ್ದರೂ ಹಾಗೇ ಹಿಡಿದುಕೊಂಡಿದ್ದರು.

ತಪ್ಪು ಮಾಡಿದವನಿಗೆ ಕೋಪ ಬೇಗ ಬರುತ್ತದೆ ನೋಡಿ. ಮುಂದಿನ ಏರಿನಲ್ಲಿ ಅವರು ಮತ್ತೆ ಶೂ ಬಿಚ್ಚಲು ಬಗ್ಗಿದಾಗ ರೇಗಿದೆ. "ಭಾವ, ನಿಮ್ಮಿಂದ ನನ್ನ ಮರ್ಯಾದೆ ಹೋಗ್ತಾ ಇದೆ. ಇದೇನು ತೀರ್ಥಯಾತ್ರೆನಾ? ನಾನಂತೂ ಕಾಯಲ್ಲ."

"ಆಯ್ತು ನಾಯನಾ, ನೀನು ನಡಿ. ನಾನು ನಿಧಾನಕ್ಕೆ ಬರ್ತೀನಿ" ಎಂದರು. ಮುಖದಲ್ಲಿ ಬೆವರು ಹನಿಹನಿಯಾಗಿ ಇಳಿಯುತ್ತಿತ್ತು. ಅದನ್ನೂ ನೋಡಿದೆ. ನೋಡಿಯೂ ಹೊರಟೆ.

ಹನ್ನೆರಡಕ್ಕೆ ಸಮುದ್ರದ ಹತ್ತಿರದ ಹೋಟೆಲಿಗೆ ತಲುಪಿದೆವು. ನಾನು ಊಟ ಮಾಡಿದೆ, ಎರಡನೇ ಸಲ ಹಾಕಿಸಿಕೊಂಡೆ ಕೂಡ. ಒಂದೂವರೆಯಾದರೂ ಭಾವ ಬರಲಿಲ್ಲ. ಅವರ ಫೋನು ನಮ್ಮ ಸಾಮಾನಿನ ವ್ಯಾನಿನಲ್ಲೇ ಇತ್ತು. ವ್ಯಾನಿನವನು ಆ ರಸ್ತೆಯಲ್ಲಿ ಎರಡು ಸಲ ಓಡಾಡಿ ಬಂದು ಎಲ್ಲೂ ಇಲ್ಲವೆಂದು ಕೈ ಆಡಿಸಿದ. ತಂಡದ ಮುಂದಾಳು ಪೊಲೀಸರಿಗೆ ಫೋನು ಮಾಡತೊಡಗಿದ. ನಾನು ಸೈಕಲ್ ಎತ್ತಿಕೊಂಡು ಬಂದ ದಾರಿಯಲ್ಲೇ ಮೇಲಕ್ಕೆ ತುಳಿದೆ.

ಪ್ರತಿ ತಿರುವಿನಲ್ಲೂ ಕೂಗಿದೆ. ತಡೆಗೋಡೆಯಿಂದ ಬಗ್ಗಿ ಕೆಳಗಿನ ಕಮರಿ ನೋಡಿದೆ. ಅಕ್ಕನಿಗೆ ಏನೆಂದು ಫೋನು ಮಾಡಲಿ ಎಂಬುದೊಂದೇ ತಲೆಯಲ್ಲಿ. ಕೊನೆಗೆ ಎದೆ ಒಡೆದುಹೋಗುವಂತಾಗಿ ಅಂಥದ್ದೇ ಒಂದು ಗುಡಿಯ ಕಂಬ ಹಿಡಿದು ನಿಂತೆ. ಒಳಗೆ ದೀಪ ಉರಿಯುತ್ತಿತ್ತು. ಅದು ಯಾವ ದೇವರೋ ನನಗೆ ತಿಳಿಯದು. ನನ್ನ ಕಣ್ಣಿಗೆ ಬಂದದ್ದು ಸಾದಲಿಯ ನಮ್ಮ ಸ್ವಾಮಿಯೇ. ಶೂ, ಸಾಕ್ಸ್ ಬಿಚ್ಚಿ ಪಕ್ಕಕ್ಕಿಟ್ಟೆ. ಕಾದ ಟಾರಿನ ಮೇಲೆ ಬರಿಗಾಲಲ್ಲಿ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ. "ಸ್ವಾಮಿ, ಮರ್ಯಾದೆ ಮರ್ಯಾದೆ ಅಂತ ಬಿಟ್ಟು ಬಂದೆ. ನನ್ನ ಮರ್ಯಾದೆ ಹಾಳಾಗಿ ಹೋಗ್ಲಿ. ಭಾವನ್ನ ಕೊಡು. ನಾನು ಮಾಡಿದ್ದನ್ನ ನಿನ್ನ ಸನ್ನಿಧಿಯಲ್ಲೇ ಎಲ್ಲರ ಮುಂದೆ ಹೇಳ್ತೀನಿ." ನನ್ನ ಹರಕೆ ಅಷ್ಟೇ.

ಕಣ್ಣೊರೆಸಿಕೊಂಡು ನೋಡಿದರೆ, ಕಪ್ಪು ಬಟ್ಟೆಯ ಮುದುಕಿಯೊಬ್ಬರು ರಸ್ತೆ ಪಕ್ಕದ ಕಾಲುದಾರಿಯಿಂದ ಓಡುತ್ತಾ ಇಳಿದು ಬರುತ್ತಿದ್ದರು. ನನ್ನ ಬರಿಗಾಲು ನೋಡಿದರು, ಪಕ್ಕದ ಶೂ ನೋಡಿದರು. ತಟ್ಟನೆ ನಿಂತು ಎರಡೂ ಕೈ ಜೋಡಿಸಿ ಭಾವ ಮುಗಿಯುವ ಹಾಗೆಯೇ ಮುಗಿದು ತೋರಿಸಿ, ಮೇಲಕ್ಕೆ ಬೆರಳು ಮಾಡಿದರು. ನನ್ನ ರಟ್ಟೆ ಹಿಡಿದು ಎಳೆದುಕೊಂಡೇ ಹೋದರು.

ಮೇಲೆ ಆಲಿವ್ ಮರಗಳ ಹಿಂದೆ, ರಸ್ತೆಗೆ ಕಾಣದಂತೆ, ಒಂದು ಸಣ್ಣ ಚರ್ಚು. ಭಾವನ ಸೈಕಲ್ ಅದರ ಗೋಡೆಗೆ ಒರಗಿತ್ತು. ಬಾಗಿಲ ಹೊರಗೆ ಭಾವನ ಶೂ ಜೋಡಿಸಿಟ್ಟಂತೆ ಇದ್ದವು. ಆ ದೇಶದಲ್ಲಿ ಯಾರೂ ಚರ್ಚಿನ ಹೊರಗೆ ಶೂ ಬಿಡುವುದಿಲ್ಲ. ದೀಪಕ್ಕೆ ಎಣ್ಣೆ ಹಾಕಲು ಬಂದ ಆಕೆ ಅದನ್ನು ಕಂಡು, ಇದೇನೆಂದು ಒಳಗೆ ಹೋಗಿದ್ದಾರೆ. ಭಾವ ನೆಲದ ಮೇಲೆ ಬಿದ್ದಿದ್ದರಂತೆ. ಮನೆಯಿಂದ ಜೇನುತುಪ್ಪ ತಂದು ನೀರಿಗೆ ಕದಡಿ ಚಮಚದಲ್ಲಿ ಕುಡಿಸಿ, ಯಾವುದಾದರೂ ಗಾಡಿ ನಿಲ್ಲಿಸಲು ರಸ್ತೆಗೆ ಬಂದಿದ್ದರು. ಇದನ್ನೆಲ್ಲ ಆಮೇಲೆ ಆಸ್ಪತ್ರೆಯಲ್ಲಿ ನಮ್ಮ ಮುಂದಾಳು ಕೇಳಿ ತಿಳಿದು ಹೇಳಿದ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ.

ಭಾವ ನನ್ನನ್ನು ಗುರುತು ಹಿಡಿದದ್ದು, ನನ್ನ ಫೋನು ಬಂದ ಮೇಲೆ ಮುಂದಾಳು ಕಳಿಸಿದ ಆಂಬುಲೆನ್ಸಿನಲ್ಲಿ. ಕೈಯಲ್ಲಿ ಗ್ಲೂಕೋಸ್ ಸೂಜಿ ಇತ್ತು. ಮೆಲ್ಲಗೆ ಕೇಳಿದರು, "ಊಟ ಮಾಡಿದೇನಪ್ಪಾ?"



ಊರಿಗೆ ಬಂದ ಮೇಲೆ ಭಾವ ಅಕ್ಕನಿಗೆ ಹೇಳಿದ್ದು ಒಂದೇ ಮಾತು. "ದಾರಿ ತಪ್ಪಿಬಿಟ್ಟೆ ಕಣೇ. ಇವನು ಬರ್ದೇ ಇದ್ದಿದ್ರೆ ನಾನಿಲ್ಲ." ಅಕ್ಕ ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ನಾನು ಬಿಡಿಸಿಕೊಳ್ಳಲಿಲ್ಲ. ಹೋಳಿಗೆ ಮಾಡಿ ಬಡಿಸಿದಳು, ತಿಂದೆ. ಗುಡಿಯಲ್ಲಿ ನಿಮ್ಮಲ್ಲಿ ಹಲವರು ಬೆನ್ನು ತಟ್ಟಿದಿರಿ, ತಟ್ಟಿಸಿಕೊಂಡೆ. ಸ್ವಾಮಿ ನಾನು ಕೇಳಿದ್ದನ್ನು ನಿಂತ ನಿಲುವಿನಲ್ಲೇ ಕೊಟ್ಟ. ನಾನು ಒಪ್ಪಿಕೊಂಡದ್ದನ್ನು ಕೊಡದೆ ಐದು ತಿಂಗಳು ತಲೆತಪ್ಪಿಸಿಕೊಂಡು ಓಡಾಡಿದೆ. ಭಜನೆಯ ದಿನ ಓದಲು ಅನುಭವ ಬರೆದುಕೊಡಿ ಎಂದು ನೀವು ಕೇಳಿದಾಗಲೂ ಮೊದಲು ಬರೆದದ್ದು ಭಾವ ಹೇಳಿದ ಕಥೆಯನ್ನೇ. ಅದನ್ನು ಹರಿದುಹಾಕಿದ್ದೇನೆ.

ಇದನ್ನು ಬರೆಯುತ್ತಿದ್ದೇನೆಂದು ಭಾವನಿಗೆ ಹೇಳಿದೆ. "ಅದೆಲ್ಲ ಯಾಕಪ್ಪ? ಮನೆ ಮಾತು ಮನೆಯಲ್ಲಿರ್ಲಿ" ಎಂದರು. ಅವರು ಹೇಳಿದ ಮಾತನ್ನು ನಾನು ಮೀರುವುದು ಇದೇ ಮೊದಲ ಸಲವೇನಲ್ಲ, ಆದರೆ ಸರಿಯಾದ ಕಾರಣಕ್ಕೆ ಮೀರುತ್ತಿರುವುದು ಇದೇ ಮೊದಲು. ಕಂಡ ಕಂಡ ದೀಪಕ್ಕೆಲ್ಲ ಕೈ ಮುಗಿಯುವವನನ್ನು ಸ್ವಾಮಿ ಎಲ್ಲಿದ್ದರೂ ಕಾಯುತ್ತಾನೆಂದು ಈಗ ನಂಬಿದ್ದೇನೆ. ನನ್ನಂಥವನ ಕೂಗನ್ನೂ ಕೇಳಿಸಿಕೊಂಡನಲ್ಲ, ಅವನಿಗೆ ಏನೆಂದು ವಂದಿಸಲಿ.

ಶನಿವಾರ ಇದನ್ನು ಓದುವಾಗ ಅಕ್ಕ ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಿರುತ್ತಾಳೆ. ಅಕ್ಕಾ, ಭಾವ ಅವತ್ತು ದಾರಿ ತಪ್ಪಿರಲಿಲ್ಲ. ನಾನು ಅವರನ್ನು ಬಿಟ್ಟು ಬಂದಿದ್ದೆ.