ಮೂಗಿನ ಬುಡದ ಗಂಟು

ಮಗಳು ಹುಟ್ಟಿದಂದಿನಿಂದ ಬಟ್ಟೆ ಹೊಲಿಯುವ ಆ ಹೆಂಗಸಿಗೆ ನಿದ್ದೆಯೇ ಕನಸಾಗಿಬಿಟ್ಟಿತ್ತು. ಕೂಸಿನ ಮೂಗಿನ ಬುಡದಲ್ಲಿ, ಎಡಗಣ್ಣಿಗೆ ತಾಗಿದಂತೆ, ಹುಟ್ಟುವಾಗಲೇ ಬಟಾಣಿಯಷ್ಟು ಗಂಟು. ಅದು ಒಳಕ್ಕೂ ಇಳಿದು ಎಡಹೊಳ್ಳೆಯನ್ನು ಮುಚ್ಚಿತ್ತು. ಕೂಸು ನಾಲ್ಕು ಗುಟುಕು ಹಾಲು ಎಳೆಯುವುದು, ಉಸಿರು ಸಾಲದೆ ಬಿಡುವುದು, ಅಳುವುದು, ಮತ್ತೆ ಬಾಯಿ ಹಾಕುವುದು. ಒಂದು ಸಲದ ಹಾಲು ಮುಗಿಯುವಷ್ಟರಲ್ಲಿ ಮತ್ತೆ ಹಸಿವು. ಯಾರದೋ ಅಂಗಿಯೊಂದು ತೋಳಿಲ್ಲದೆ ಹೊಲಿಗೆ ಯಂತ್ರದ ಮೇಲೆ ಹಾಗೇ ಬಿದ್ದಿತ್ತು.

ಕೂಸನ್ನು ನೋಡಲು ಬಂದ ನೆಂಟರು, ನೆರೆಯವರೆಲ್ಲ ಡಾಕ್ಟರುಗಳೇ. ಒಬ್ಬರು ಸೊಳ್ಳೆ ಕಚ್ಚಿದೆ ಎಂದರು, ಇನ್ನೊಬ್ಬರು ನೆಗಡಿ ಗಟ್ಟಿಯಾಗಿದೆ ಎಂದರು. ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿ ಅವಳು ಎಲ್ಲದಕ್ಕೂ "ಹೂಂ" ಎನ್ನತೊಡಗಿದಳು. ಗಂಡ ಬಸ್ಸು ಓಡಿಸಿ ಬಂದು, ಮಗುವನ್ನು ಎತ್ತಿಕೊಂಡೇ ತೂಕಡಿಸುತ್ತಿದ್ದ.

ಒಂದು ಮಧ್ಯಾಹ್ನ ಅತ್ತೆ ಒಲೆಯ ಉರಿಯಲ್ಲಿ ಸೂಜಿ ಕಾಯಿಸಿ ತಂದರು.

"ಬರೀ ಕೀವು ಕಣೇ. ಒಂದೇ ಒಂದು ಚುಚ್ಚು. ಮಗೂನೂ ಮಲಗುತ್ತೆ, ನೀನೂ ಮಲಗ್ತೀಯ."

ಮಲಗ್ತೀಯ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳ ಕೈ ತಾನಾಗಿ ಮಗುವನ್ನು ಮುಂದಕ್ಕೆ ಚಾಚಿತು. ಸೂಜಿಯ ಮೊನೆ ಹತ್ತಿರ ಬಂತು. ಮಗು ಕಣ್ಣು ತೆರೆದು ಅದನ್ನೇ ನೋಡಿತು. ಅವಳು ಗಬಕ್ಕನೆ ಎದೆಗೆ ಎಳೆದುಕೊಂಡಳು.

"ಬೇಡ ಅತ್ತೆ. ಈಗಲೇ ಆಸ್ಪತ್ರೆಗೆ ಹೋಗೋಣ. ನೀವೂ ಬನ್ನಿ, ನನ್ನೊಬ್ಬಳ ಕೈಲಿ ಆಗಲ್ಲ."

ಆಸ್ಪತ್ರೆಯ ಡಾಕ್ಟರಮ್ಮ ಗಂಟನ್ನು ಮೆಲ್ಲಗೆ ಒತ್ತಿ ನೋಡಿದರು. ಸ್ಕ್ಯಾನ್ ಆದಮೇಲೆ ಕೂರಿಸಿಕೊಂಡು ಹೇಳಿದರು: "ಇದು ಕ್ಯಾನ್ಸರ್ ಅಲ್ಲ, ಹೆದರಬೇಡಿ. ಹೊಟ್ಟೇಲಿ ಮುಖ ಮೂಡೋವಾಗ ಮಿದುಳಿನ ಒಂದು ಚೂರು ಹೊರಗೇ ಉಳ್ಕೊಂಡಿದೆ. ಬಲು ಅಪರೂಪ. ಈಗ ಮಿದುಳಿಗೂ ಇದಕ್ಕೂ ಸಂಬಂಧ ಇಲ್ಲ, ತೆಗೆದುಬಿಡಬಹುದು."

"ಸೂಜಿ ಚುಚ್ಚಿದ್ರೆ?" ಅತ್ತೆಯೇ ಕೇಳಿದರು.

"ಅಯ್ಯೋ! ಸ್ಕ್ಯಾನ್ ನೋಡದೆ ನಾವೇ ಚುಚ್ಚಲ್ಲ. ಸಂಬಂಧ ಇದ್ದಿದ್ರೆ ಸೋಂಕು ನೇರ ಮಿದುಳಿಗೇ ಹೋಗ್ತಿತ್ತು."

ಅತ್ತೆ ಸೆರಗಿನಲ್ಲಿ ಕೈ ಮುಚ್ಚಿಕೊಂಡರು. ಸೊಸೆ ತಲೆಯೆತ್ತಲಿಲ್ಲ. ಸೂಜಿ ಹಿಡಿದವರು ಅವರಾದರೂ ಮಗುವನ್ನು ಚಾಚಿದ್ದು ತಾನು. ಆ ವಿಷಯ ಇಬ್ಬರೂ ಎಂದೂ ಬಾಯಿಬಿಡಲಿಲ್ಲ.

ಶಸ್ತ್ರಚಿಕಿತ್ಸೆ ಸಲೀಸಾಗಿ ಮುಗಿಯಿತು. ಮೂಗಿನ ಪಕ್ಕ ಸಣ್ಣ ಹೊಲಿಗೆ. ಹಾಲು ಕೊಡಬಹುದೆಂದು ನರ್ಸ್ ಹೇಳಿದಾಗ ಅವಳು ಎಂದಿನಂತೆ ಗೋಡೆಗೆ ಒರಗಿ, ದೀರ್ಘ ಕಾಯುವಿಕೆಗೆ ಮೈ ಸಜ್ಜು ಮಾಡಿಕೊಂಡು ಕೂತಳು. ಮಗು ಒಂದೇ ಸಮನೆ ಗಟಗಟ ಕುಡಿದು, ಬಾಯಿ ಬಿಟ್ಟು ನಿದ್ದೆಹೋಯಿತು.

"ಇಷ್ಟೇನಾ ಅತ್ತೆ?"

"ಇಷ್ಟೇ ಕಣೇ. ಮಕ್ಕಳು ಕುಡಿಯೋದೇ ಹೀಗೆ. ಕೊಡು ಇಲ್ಲಿ, ನೀನು ಮಲಗು."

ಅಳಬೇಕು ಎನಿಸಿತು. ಅದಕ್ಕೂ ತ್ರಾಣವಿರಲಿಲ್ಲ. ಮಗುವನ್ನು ಅತ್ತೆಯ ತೋಳಿಗೆ ದಾಟಿಸಿ, ರವಿಕೆಯ ಗುಂಡಿಯನ್ನೂ ಹಾಕಿಕೊಳ್ಳದೆ, ಕೂತಲ್ಲೇ ಉರುಳಿದಳು. ಅತ್ತೆ ತಮ್ಮ ಶಾಲು ಹೊದಿಸಿದ್ದು ಅವಳಿಗೆ ತಿಳಿಯಲಿಲ್ಲ.