ಒಂದು ವರ್ಷ ತಡವಾದ ಪ್ರಹಸನ

ಸಾಫ್ಟ್‌ವೇರ್ ಕೆಲಸಗಳ ಆ ಬೂಮ್ ವರ್ಷಗಳು ಎಂದರೆ ನನಗೆ ಮೊದಲು ನೆನಪಾಗುವುದು ಜೋಳದ ರೊಟ್ಟಿ ಬಡಿಯುವ ಸದ್ದು. ಹ್ಯಾರಿಸನ್‌ನಲ್ಲಿ, ನಮ್ಮ ಕನ್ಸಲ್ಟಿಂಗ್ ಕಂಪನಿಯ ಮಾಲೀಕರ ಮನೆಯ ಬೇಸ್‌ಮೆಂಟಿನಲ್ಲಿ ಆರು ತಿಂಗಳು ಇದ್ದೆ. ಮೈಸೂರಿನಿಂದ ಒಬ್ಬಳೇ ಬಂದ ಹುಡುಗಿಯನ್ನು ಕಂಪನಿಯ ಹುಡುಗರಿದ್ದ ಗೆಸ್ಟ್‌ಹೌಸಿಗೆ ಕಳಿಸಲು ಧಾರವಾಡದ ಅವರ ತಾಯಿ ಒಪ್ಪಲಿಲ್ಲ. ಬೆಳಿಗ್ಗೆ ಮೇಲಿನ ಅಡುಗೆಮನೆಯಲ್ಲಿ ಆ ತಾಯಿ ರೊಟ್ಟಿ ಬಡಿಯುವ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಅಂಥ ಬೆಳಗುಗಳು ಮತ್ತೆ ಸಿಗಲಿಲ್ಲ.

ಮಾಲೀಕರು ಮಾತ್ರ ಮಹಾ ಕಿಲಾಡಿ. ನಿನ್ನೆ ಮೊನ್ನೆ ಕೆಲಸ ಕಲಿತವಳ ರೆಸ್ಯೂಮೆಗೆ ಐದು ವರ್ಷದ ಅನುಭವ ಸೇರಿಸುತ್ತಿದ್ದರು. ಫೋನ್ ಇಂಟರ್‌ವ್ಯೂ ನಡೆಯುವಾಗ ಪಕ್ಕದಲ್ಲೇ ಕುಳಿತು ಉತ್ತರಗಳನ್ನು ಚೀಟಿಯಲ್ಲಿ ಬರೆದು ತೋರಿಸುತ್ತಿದ್ದರು. ಕನ್ನಡ ಸಂಘದ ಯುಗಾದಿಗೆ ಇದನ್ನೇ ಪ್ರಹಸನವಾಗಿ ಬರೆದೆ. ಆದರೆ ಅವರು ಮೊದಲ ಸಾಲಿನಲ್ಲಿ ಕೂರುವ ಅತಿಥಿ. ನನ್ನ ಗ್ರೀನ್ ಕಾರ್ಡ್ ಅರ್ಜಿ ಅವರ ಕೈಯಲ್ಲಿ. ಹೆದರಿ ಪ್ರಹಸನವನ್ನು ಸೂಟ್‌ಕೇಸಿನಲ್ಲಿ ಮುಚ್ಚಿಟ್ಟೆ. ಬದಲಿಗೆ, ಊರಿನಿಂದ ಬಂದ ಅತ್ತೆ ಮೈಕ್ರೋವೇವ್ ಕಂಡು ಬೆಚ್ಚುವ ಹಳಸಲು ಹಾಸ್ಯ ಬರೆದುಕೊಟ್ಟೆ. ಮಾಲೀಕರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಆಗ ನನ್ನ ಪ್ರಾಜೆಕ್ಟ್ ಪ್ರಿನ್ಸ್‌ಟನ್‌ನಲ್ಲಿ. ಒಂದು ಮಧ್ಯಾಹ್ನ ಅಲ್ಲಿನ ಲೈಬ್ರರಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಪ್ರಾಚೀನ ಗ್ರೀಸಿನ ಹಾಸ್ಯ ನಾಟಕಕಾರನೊಬ್ಬನ ಬಗ್ಗೆ ಮಾತಾಡಿದರು. ದೊಡ್ಡವರನ್ನು ಗೇಲಿ ಮಾಡುವುದು ಅಲ್ಲಿ ಎಲ್ಲ ನಾಟಕಕಾರರೂ ಮಾಡುತ್ತಿದ್ದ ಕೆಲಸವಂತೆ. ಹಾಗಾದರೆ ಇವನ ಹೆಚ್ಚುಗಾರಿಕೆ ಏನು? ಅದನ್ನು ಅವನೇ ನಾಟಕ ನಿಲ್ಲಿಸಿ, ಮೇಳದವರ ಬಾಯಲ್ಲಿ ಸಭೆಗೆ ಹೇಳಿಸಿದ್ದನಂತೆ. ನಾಯಕನೊಬ್ಬ ಮೆರೆಯುತ್ತಿದ್ದಾಗ ತಾನು ಹೊಡೆದೆ, ಬಿದ್ದ ಮೇಲೆ ತುಳಿಯಲಿಲ್ಲ. ಎದುರಾಳಿ ನಾಟಕಕಾರರೋ ಬಿದ್ದವನನ್ನೂ ಬಿಡುವುದಿಲ್ಲ, ಅವನ ತಾಯಿಯನ್ನೂ ಬಿಡುವುದಿಲ್ಲ ಎಂದು. ಹಳೇ ನಗೆಯನ್ನೇ ಮತ್ತೆ ಬಡಿಸುವವರನ್ನೂ ಝಾಡಿಸಿದ್ದನಂತೆ. ನನ್ನ ಮೈಕ್ರೋವೇವ್ ಅತ್ತೆ ನೆನಪಾಗಿ ಮುಖ ಬಿಸಿಯಾಯಿತು. ಅವನ ಧೈರ್ಯವೊಂದೇ ನನ್ನ ತಲೆಯಲ್ಲಿ ಉಳಿಯಿತು.

ಮರುವರ್ಷ ಬೂಮ್ ಮುಗಿಯಿತು. ಮಾಲೀಕರ ಕಂಪನಿ ಮುಚ್ಚಿತು. ನಾನು ಬೇರೆ ಕಡೆ ಕೆಲಸ ಹಿಡಿದಿದ್ದೆ, ಬೇರೆ ಮನೆಯನ್ನೂ ಮಾಡಿದ್ದೆ. ಆಗ ಬಂತು ನೋಡಿ ನನಗೆ ಧೈರ್ಯ! ಸೂಟ್‌ಕೇಸಿನಿಂದ ಪ್ರಹಸನ ಹೊರತೆಗೆದೆ. ನಗು ಸಾಲದೆಂದು ತಾಯಿಯ ಪಾತ್ರವನ್ನೂ ಸೇರಿಸಿದೆ: ಇಂಟರ್‌ವ್ಯೂ ನಡುವೆ ರೊಟ್ಟಿಯ ತಟ್ಟೆ ಹಿಡಿದು ಬಂದು, “ಮೊದಲ ಉಣ್ಣು, ಆಮೇಲೆ ಮಾತಾಡು” ಎನ್ನುವ ಮುದುಕಿ. ಯುಗಾದಿಯ ಸಭೆ ಬಿದ್ದು ಬಿದ್ದು ನಕ್ಕಿತು.

ಎಲ್ಲ ಮುಗಿಸಿ ಹೊರಗೆ ಬಂದರೆ, ಬಾಗಿಲ ಬಳಿ ಆ ತಾಯಿ ಸೀರೆಯ ಮೇಲೆ ಕೋಟು ಹಾಕಿಕೊಂಡು ನಿಂತಿದ್ದರು. ಯಾರದೋ ಕಾರಿನಲ್ಲಿ ಬಂದಿದ್ದರಂತೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

“ಭಾಳ ಛಲೋ ಮಾಡಿದಿ ತಂಗಿ. ನಾ ಥೇಟ್ ಹಂಗ ಮಾತಾಡ್ತೀನಿ! ಆದ್ರ ಹೋದ ವರ್ಷನ ಮಾಡಬೇಕಿತ್ತು ನೋಡು. ಆಗ ಅವನೂ ಬಂದು ನಿಮ್ಮ ಜೋಡಿ ನಗತಿದ್ದ. ಈಗ ಮನಿ ಬಿಟ್ಟು ಹೊರಗ ಬರೂದಿಲ್ಲ.”

ಅವರ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಊಟ ಆತೇನು?” ಎಂದು ಕೇಳಿದರು.

ಆಗಿರಲಿಲ್ಲ. ಆಯಿತು ಅಮ್ಮ, ಎಂದೆ.