ತಮ್ಮನ ತಲೆಗೆ ಕೈ ಹಚ್ಚಿದ ಲೂಸೇಯಾನೆ

ಟೊಂಗಾದ ವವಾಉ ದ್ವೀಪದಲ್ಲಿ ಅರಿವಳಿಕೆ ಕೊಡುವವಳೆಂದರೆ ಲೂಸೇಯಾನೆ ಒಬ್ಬಳೇ. ಇಪ್ಪತ್ತೆರಡು ವರ್ಷದಿಂದ ಊರವರ ತಲೆದೆಸೆಯಲ್ಲಿ ನಿಂತವಳು. ಅಲ್ಲಿ ತಲೆಯೆಂದರೆ ಪವಿತ್ರ, ಅದನ್ನು ಮುಟ್ಟುವುದೆಂದರೆ ಸಾಮಾನ್ಯವೇ? ಪ್ರತಿ ಸಲವೂ "ತುಲೌ, ತಪ್ಪಾಯ್ತು" ಎಂದೇ ಕೈ ಹಚ್ಚುವಳು.

ಆ ಶನಿವಾರ ಬೆಳಿಗ್ಗೆ ಚರ್ಚಿನ ಮಾಡಿಗೆ ಬಣ್ಣ ಬಳಿಯುತ್ತ ಬಿದ್ದು, ಎಚ್ಚರ ತಪ್ಪಿ ಬಂದವನು ಮಾತ್ರ ಅವಳ ಒಡಹುಟ್ಟಿದ ತಮ್ಮ ಕೆಲೆಪಿ. ದೊಡ್ಡವರಾದ ಮೇಲೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತವರಲ್ಲ. ಅಕ್ಕ ಒಳಗೆ ಕಾಲಿಟ್ಟರೆ ತಮ್ಮ ಎದ್ದು ಆಚೆ ನಡೆಯಬೇಕು, ಅದು ಮರ್ಯಾದೆ. ಅಂಥವನ ತಲೆಗೆ ಕೈ ಹಾಕುವುದು ಹೇಗೆ?

"ಮಿದುಳಿನ ಮೇಲೆ ರಕ್ತ ಹೆಪ್ಪುಗಟ್ಟಿದೆ. ನಾಳೆ ಭಾನುವಾರ, ರಾಜಧಾನಿಗೆ ವಿಮಾನ ಸೋಮವಾರವೇ. ಬೇಗ ನೋಡಮ್ಮ," ಎಂದರು ಡಾಕ್ಟರ್ ವಾಕಾ.

ತಮ್ಮನ ತೊಡೆಯೂ ಮುರಿದು ರಕ್ತ ಹೋಗಿ, ರಕ್ತದ ಒತ್ತಡ ಎಂಬತ್ತಕ್ಕೆ ಇಳಿದಿತ್ತು. ಹಾಲಿನಂತಿರುವ ನಿದ್ದೆಮದ್ದು ಪ್ರೊಪೊಫಾಲ್ ಕೊಟ್ಟರೆ ಇನ್ನೂ ಇಳಿದು ಮಿದುಳಿಗೆ ರಕ್ತವೇ ಏರದು. ಇನ್ನೊಂದು ಮದ್ದು ಕೆಟಮಿನ್ ಕೊಟ್ಟರೆ ತಲೆಯೊಳಗಿನ ಒತ್ತಡ ಏರುತ್ತದೆಂದು ಅವಳಿಗೆ ಕಲಿಸಿದವರ ಮಾತು, ಹಾಗೇನಿಲ್ಲವೆಂದು ಈಚಿನವರದು. ಅತ್ತ ದರಿ, ಇತ್ತ ಪುಲಿ. ಇದರ ಮೇಲೆ ಇನ್ನೊಂದು ಅನುಮಾನ: ರಾತ್ರಿ ಬೇರು ಅರೆದು ಮಾಡುವ ಅಮಲಿನ ಕಾವಾ ಕುಡಿದಿದ್ದರೆ ಮಂಪರು ಮೊದಲೇ ಮೈಯಲ್ಲಿರುತ್ತದೆ, ಮದ್ದಿನ ಅಳತೆಯೇ ತಪ್ಪುತ್ತದೆ.

ಬಾಗಿಲಲ್ಲಿ ತಮ್ಮನ ಗೆಳೆಯ ಮೊಸೆಸೆ ನಿಂತಿದ್ದ. "ಎಷ್ಟು ಕುಡಿದಿದ್ನೋ?" ಎಂದು ಕೇಳಿದಳು.

ಅವನು ನೆಲ ನೋಡಿದ. ತಮ್ಮನ ಕುಡಿತದ ಮಾತನ್ನು ಅಕ್ಕನ ಮುಂದೆ ಯಾರು ಆಡುತ್ತಾರೆ?

ಲೂಸೇಯಾನೆಗೆ ರೇಗಿಹೋಯಿತು. ಬಾಗಿಲಾಚೆ ಹೋಗಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮತ್ತೆ ಒಳಗೆ ಬಂದಳು.

"ಅಕ್ಕ ಹೊರಟುಹೋದ್ಲು ಕಣೋ. ಈಗ ಕೇಳ್ತಿರೋದು ಮದ್ದು ಕೊಡೋಳು. ಬೊಗಳು!"

"ಬೆಳಕು ಹರಿಯೋವರೆಗೂ... ಲೆಕ್ಕ ಇಲ್ಲ. ಹೊಟ್ಟೆಗೆ ಏನೂ ತಿಂದಿಲ್ಲ."

"ಇಷ್ಟು ಹೇಳೋಕೆ ನಿಂಗೆ ಮುಹೂರ್ತ ಬೇಕಿತ್ತಾ?"

ಕೆಟಮಿನ್ನನ್ನೇ ಎತ್ತಿಕೊಂಡಳು. ಅಳತೆ ಇಳಿಸಿದಳು. "ತುಲೌ, ಕೆಲೆಪಿ," ಎಂದು ತಮ್ಮನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಮದ್ದು ಹೋದ ಮೇಲೂ ರಕ್ತದ ಒತ್ತಡ ಬೀಳಲಿಲ್ಲ. ಡಾಕ್ಟರ್ ಬುರುಡೆ ಕೊರೆದು ಹೆಪ್ಪು ತೆಗೆದರು.

ಬದುಕುತ್ತಾನೆ, ಸರಿ. ಆದರೆ ಬುದ್ಧಿ? ನೆನಪು? ಮಾರನೆಯ ಮಧ್ಯಾಹ್ನದವರೆಗೂ ಆಸ್ಪತ್ರೆಯ ವರಾಂಡದಲ್ಲಿ ಅವಳು ನಡೆದ ನಡಿಗೆಗೆ ದ್ವೀಪವನ್ನೇ ಸುತ್ತಬಹುದಿತ್ತು.

ಕೆಲೆಪಿ ಕಣ್ಣು ಬಿಟ್ಟ. ಒಳಗೆ ಬಂದ ಅಕ್ಕನನ್ನು ದಿಟ್ಟಿಸಿದ. ಮಂಚದ ಕಂಬಿಗೆ ತಡಕಾಡಿ, ಮುಲುಗುತ್ತ, ಮುರಿದ ಕಾಲಲ್ಲೇ ಏಳಲು ಹೊರಟ.

"ಎಲ್ಲಿಗೋ?" ಎಂದು ನರ್ಸ್ ಅದುಮಿ ಹಿಡಿದಳು.

"ಆಚೆಗೆ. ಅಕ್ಕ ಬಂದ್ಲು."

ಲೂಸೇಯಾನೆ ಗೋಡೆಗೊರಗಿ ಗಳಗಳನೆ ಅತ್ತುಬಿಟ್ಟಳು. ಆಮೇಲೆ ಕಣ್ಣೊರೆಸಿಕೊಂಡು, ತಮ್ಮ ಮಲಗಲೆಂದು, ತಾನೇ ಆಚೆ ನಡೆದಳು.